ಕಾರ್ಡಿನ ಶುಲ್ಕ ತಪ್ಪಿಸಿಕೊಳ್ಳಲು ಅಂಗಡಿಯಲ್ಲಿ ಕ್ರಿಪ್ಟೊ ಪಡೆಯಬಹುದೇ?

ಪ್ರಶ್ನೆ: ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ನಮ್ಮದೊಂದು ಕರಕುಶಲ ವಸ್ತುಗಳ ಅಂಗಡಿ ಇದೆ. ಮಾವನವರ ಕಾಲದಿಂದ ನಡೆದುಕೊಂಡು ಬಂದದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬೀಟೆ ಮರದ ಇನ್‌ಲೇ ಪಟಗಳು, ಮೇಜುಗಳು, ಗಂಧದ ಸಣ್ಣ ಸಾಮಾನು, ಊದುಬತ್ತಿ ಮಾರುತ್ತೇವೆ. ತಿಂಗಳಿಗೆ ಸುಮಾರು 6 ಲಕ್ಷ ರೂಪಾಯಿ ವ್ಯಾಪಾರ, ಅದರಲ್ಲಿ 2.40 ಲಕ್ಷ ಕಾರ್ಡಿನ ಮೂಲಕ. ಹೋದ ತಿಂಗಳು ಸ್ವೈಪ್ ಮೆಷಿನ್ ಕೊಟ್ಟವರು ಎಲ್ಲ ಸೇರಿ 6,738 ರೂಪಾಯಿ ಹಿಡಿದುಕೊಂಡಿದ್ದಾರೆ. ಅಂಗಡಿಯ ಹುಡುಗನ ಅರ್ಧ ಸಂಬಳ ಅದು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ನಮ್ಮ ಅಕ್ಕನ ಮಗ, ‘ಚಿಕ್ಕಮ್ಮ, ಕ್ರಿಪ್ಟೊ ತೆಗೆದುಕೊಳ್ಳಿ, ಶುಲ್ಕವೇ ಇಲ್ಲ, ತೆರಿಗೆಯವರ ಕಣ್ಣಿಗೂ ಬೀಳುವುದಿಲ್ಲ’ ಎನ್ನುತ್ತಾನೆ. ಈ ನಡುವೆ ಜರ್ಮನಿಯ ದಂಪತಿ 85,000 ರೂಪಾಯಿಯ ಮೇಜೊಂದಕ್ಕೆ ಆರ್ಡರ್ ಕೊಟ್ಟು ಊರಿಗೆ ಮರಳಿದ್ದಾರೆ. ಹಣವನ್ನು ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯದಲ್ಲಿ ಕಳುಹಿಸಬಹುದೇ ಎಂದು ಕೇಳಿದ್ದಾರೆ. ಒಪ್ಪಿಕೊಳ್ಳಲೇ? ಇಲ್ಲವಾದರೆ ಕಾರ್ಡ್ ಕೊಡುವವರ ಬಿಲ್ಲಿಗೆ ಶೇ 2 ಸೇರಿಸಿ ಹಾಕಬಹುದೇ? ಸ್ಟೇಟ್‌ಮೆಂಟ್ ಮತ್ತು ಒಪ್ಪಂದದ ಪ್ರತಿ ಜೊತೆಗಿದೆ.

ಉತ್ತರ: ಕಾಗದಗಳನ್ನು ಕಳುಹಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ನನಗೆ ಸಿಟ್ಟನ್ನು ಮಾತ್ರ ಕಳುಹಿಸುತ್ತಾರೆ. ನಾನು ಬಹಳ ವರ್ಷ ಬ್ಯಾಂಕಿನಲ್ಲಿ ಇದೇ ಯಂತ್ರಗಳನ್ನು ಅಂಗಡಿಗಳಿಗೆ ಹಂಚುವ ವಿಭಾಗದಲ್ಲಿದ್ದೆ, ಈಗ ವ್ಯಾಪಾರಿಗಳ ಲೆಕ್ಕಪತ್ರ ನೋಡುತ್ತೇನೆ. ಒಂದು ಕಾಲಕ್ಕೆ ಶುಲ್ಕ ಹಾಕುವವರ ಸಾಲಿನಲ್ಲಿ ಕುಳಿತಿದ್ದವನು ಈಗ ಕಟ್ಟುವವರ ಸಾಲಿನಲ್ಲಿದ್ದೇನೆ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಹೆಣೆದುಕೊಂಡಿವೆ. ಬ್ಯಾಂಕು ಹಿಡಿದದ್ದು ನ್ಯಾಯವೇ ಎಂಬುದು ಒಂದು, ಕ್ರಿಪ್ಟೊ ಅದರಿಂದ ಬಿಡಿಸುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದರ ಬಿಸಿ ತಾನಾಗಿ ಆರುತ್ತದೆ, ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಕಾರ್ಡ್ ಉಜ್ಜಿದಾಗ ಕಡಿತವಾಗುವ ಹಣಕ್ಕೆ ಎಂಡಿಆರ್ ಎನ್ನುತ್ತಾರೆ. ಅದು ಇಡಿಯಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಿಲ್ಲ. ದೊಡ್ಡ ಪಾಲು ಗ್ರಾಹಕನಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ಅದಕ್ಕೆ ಇಂಟರ್‌ಚೇಂಜ್ ಎಂದು ಹೆಸರು. ಸ್ವಲ್ಪ ಭಾಗ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂತಹ ಜಾಲಕ್ಕೆ. ಉಳಿದದ್ದು ನಿಮಗೆ ಯಂತ್ರ ಕೊಟ್ಟವರಿಗೆ. ಕ್ರೆಡಿಟ್ ಕಾರ್ಡಿನ ಗ್ರಾಹಕನಿಗೆ 45-50 ದಿನ ಬಡ್ಡಿಯಿಲ್ಲದ ಸಾಲ ಸಿಗುತ್ತದೆ, ರಿವಾರ್ಡ್ ಪಾಯಿಂಟ್ ಸಿಗುತ್ತದೆ, ವಿಮಾನ ನಿಲ್ದಾಣದ ಲಾಂಜಿನಲ್ಲಿ ಪುಕ್ಕಟೆ ಇಡ್ಲಿ ಸಿಗುತ್ತದೆ. ಅದಕ್ಕೆಲ್ಲ ಒಂದು ಪಾಲು ಹಣ ಹೊರಡುವುದು ನಿಮ್ಮ ಗಲ್ಲಾಪೆಟ್ಟಿಗೆಯಿಂದ. ಇದು ಮೊದಲಿನಿಂದಲೂ ಹೀಗೆಯೇ: 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಶುರುವಾದಾಗ ಹೋಟೆಲಿನವರಿಂದ ಶೇ 7 ಹಿಡಿಯುತ್ತಿದ್ದರು.

ಆದ್ದರಿಂದ ನೀವು ಕೊಡುತ್ತಿರುವುದು ಹಣ ಸಾಗಿಸುವ ಕೂಲಿ ಅಲ್ಲ, ಮುಖ್ಯವಾಗಿ ಸಾಲದ ಮತ್ತು ಜವಾಬ್ದಾರಿಯ ಬೆಲೆ. ಬರೀ ಸಾಗಣೆಗೆ ಖರ್ಚು ಎಷ್ಟು ಕಡಿಮೆ ಎಂಬುದನ್ನು ನಿಮ್ಮ ಮೇಜಿನ ಮೇಲಿರುವ ಕ್ಯೂಆರ್ ಚೀಟಿಯೇ ತೋರಿಸುತ್ತದೆ. ಗ್ರಾಹಕನ ಖಾತೆಯಿಂದ ನಿಮ್ಮ ಖಾತೆಗೆ ಬರುವ ಯುಪಿಐ ಹಣಕ್ಕೆ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಎಂಡಿಆರ್ ಶೂನ್ಯ.

ಈಗ ನಿಮ್ಮ ಸ್ಟೇಟ್‌ಮೆಂಟ್. ಒಪ್ಪಂದದಲ್ಲಿ ‘ದೇಶದ ಎಲ್ಲ ಕಾರ್ಡಿಗೆ ಶೇ 1.9, ವಿದೇಶಿ ಕಾರ್ಡಿಗೆ ಶೇ 3.2’ ಎಂದಿದೆ. ಒಂದೇ ದರ, ತಲೆನೋವಿಲ್ಲ ಎಂದು ಏಜೆಂಟ್ ಹೇಳಿರುತ್ತಾನೆ. ತಲೆನೋವು ಇರುವುದೇ ಅಲ್ಲಿ. ನಿಮ್ಮ 2,40,000ದಲ್ಲಿ ರುಪೇ ಡೆಬಿಟ್ 30,000, ಬೇರೆ ಡೆಬಿಟ್ ಕಾರ್ಡುಗಳು 60,000, ದೇಶದ ಕ್ರೆಡಿಟ್ ಕಾರ್ಡುಗಳು 1,00,000, ವಿದೇಶಿ ಕಾರ್ಡುಗಳು 50,000. ರುಪೇ ಡೆಬಿಟ್‌ಗೆ ಏನೂ ಹಿಡಿಯುವಂತಿಲ್ಲ, ಆದರೆ 570 ಹಿಡಿದಿದ್ದಾರೆ. ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಮಿತಿ ಹಾಕಿದೆ: ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದ ಅಂಗಡಿಗೆ ಹೆಚ್ಚೆಂದರೆ ಶೇ 0.40, ಅದಕ್ಕಿಂತ ದೊಡ್ಡ ಅಂಗಡಿಗೆ ಶೇ 0.90. ನೀವು ಎರಡನೆಯ ಗುಂಪಿನವರು, 540 ರೂಪಾಯಿ ಕೊಡಬೇಕಿತ್ತು, 1,140 ಕೊಟ್ಟಿದ್ದೀರಿ. ಎರಡೂ ಸೇರಿ 1,170 ರೂಪಾಯಿ ಹೆಚ್ಚು, ಅದರ ಮೇಲಿನ ಜಿಎಸ್‌ಟಿ ಬೇರೆ. ವರ್ಷಕ್ಕೆ ಹದಿನಾಲ್ಕು ಸಾವಿರ ದಾಟುತ್ತದೆ.

ಕ್ರೆಡಿಟ್ ಕಾರ್ಡಿನ 1,900 ಮತ್ತು ವಿದೇಶಿ ಕಾರ್ಡಿನ 1,600ರ ಬಗ್ಗೆ ನನ್ನ ತಕರಾರಿಲ್ಲ. ಕ್ರೆಡಿಟ್ ಕಾರ್ಡಿಗೆ ನಮ್ಮಲ್ಲಿ ದರದ ಮಿತಿ ಇಲ್ಲ, ಚೌಕಾಸಿಯೇ ದಾರಿ. ಯುರೋಪ್ ಒಕ್ಕೂಟ 2015ರಲ್ಲಿ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜಿಗೆ ಶೇ 0.3ರ ಮಿತಿ ಹಾಕಿತು. ಆದರೆ ಅದು ಅವರ ಅಂಗಳದೊಳಗಿನ ವ್ಯಾಪಾರಕ್ಕೆ; ಜರ್ಮನಿಯ ಕಾರ್ಡ್ ಮೈಸೂರಿಗೆ ಬಂದು ಉಜ್ಜಿಸಿಕೊಂಡಾಗ ಆ ಮಿತಿ ಜೊತೆಗೆ ಬರುವುದಿಲ್ಲ.

ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಯಂತ್ರದ ಬಾಡಿಗೆ 500, ಬಾಡಿಗೆಗೂ ಜಿಎಸ್‌ಟಿ 90. ಹೀಗೆ 6,738 ಆಗಿದೆ. ನಿಮಗೆ ಮಾಮೂಲಿ ಜಿಎಸ್‌ಟಿ ನೋಂದಣಿ ಇರುವುದರಿಂದ ಆ 1,028 ರೂಪಾಯಿ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹಿಂದಕ್ಕೆ ಪಡೆಯಬಹುದು. ನಿಮ್ಮ ಲೆಕ್ಕ ಬರೆಯುವವರು ಇದನ್ನು ಪಡೆದೇ ಇಲ್ಲವೆಂದು ಕಾಣುತ್ತದೆ. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಈ ಅನುಕೂಲ ಇಲ್ಲ. ಹೆಚ್ಚು ಹಿಡಿದದ್ದನ್ನೂ ಜಿಎಸ್‌ಟಿಯನ್ನೂ ಕಳೆದರೆ ನಿಜವಾದ ಖರ್ಚು 4,540 ರೂಪಾಯಿ. ಮೂರರಲ್ಲೊಂದು ಭಾಗ ಕಡಿಮೆಯಾಯಿತು, ಇನ್ನೂ ಬಿಟ್‌ಕಾಯಿನ್ ಎಂಬ ಹೆಸರನ್ನೇ ನಾವು ಎತ್ತಿಲ್ಲ.

ಅಕ್ಕನ ಮಗನ ಮಾತಿಗೆ ಬರುತ್ತೇನೆ. ಅವನು ಹೇಳಿದ್ದರಲ್ಲಿ ಅರ್ಧ ನಿಜ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಕ್ರಿಪ್ಟೊದಲ್ಲಿ ನಡುವೆ ಬ್ಯಾಂಕಿಲ್ಲ, ಭಾನುವಾರವಿಲ್ಲ, ದಸರಾ ರಜೆಯಿಲ್ಲ. ಒಮ್ಮೆ ಬಂದ ಹಣವನ್ನು ಕೊಟ್ಟವನು ಹಿಂದಕ್ಕೆ ಎಳೆದುಕೊಳ್ಳಲಾರ. ಕಾರ್ಡಿನಲ್ಲಿ ಗ್ರಾಹಕ ತಿಂಗಳಾದ ಮೇಲೆ ತಕರಾರು ತೆಗೆದು ಚಾರ್ಜ್‌ಬ್ಯಾಕ್ ಮಾಡಿಸಿ ನಿಮ್ಮ ಖಾತೆಯಿಂದ ಹಣ ಕಿತ್ತುಕೊಂಡು ಹೋಗಬಹುದು. ವಿದೇಶಿ ಕಾರ್ಡ್ ಪಡೆದು ಈ ಪೆಟ್ಟು ತಿಂದವರು ನಿಮ್ಮ ಬೀದಿಯಲ್ಲೇ ಇದ್ದಾರೆ. ಅಷ್ಟರ ಮಟ್ಟಿಗೆ ಹುಡುಗ ಸರಿ.

‘ಶುಲ್ಕವೇ ಇಲ್ಲ’ ಎಂಬುದು ಸರಿಯಲ್ಲ. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಜಾಲದಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಬ್ಲಾಕ್, ಅಂದರೆ ವಹಿವಾಟುಗಳ ಒಂದು ಕಟ್ಟು, ಸೇರುತ್ತದೆ. ಒಂದು ಸೆಕೆಂಡಿಗೆ ಸುಮಾರು ಏಳು ವಹಿವಾಟು ಅದರ ಮಿತಿ. ಜಾಗ ಕಡಿಮೆ, ಜನ ಹೆಚ್ಚು ಎಂದಾದಾಗ ಜಂಬೂಸವಾರಿಯ ದಿನದ ಆಟೊದಂತೆ ಬಾಡಿಗೆ ಏರುತ್ತದೆ. 2017ರ ಡಿಸೆಂಬರ್‌ನಲ್ಲಿ ಒಂದು ವಹಿವಾಟಿನ ಸರಾಸರಿ ಶುಲ್ಕ 50 ಡಾಲರ್ ದಾಟಿತ್ತು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅದೇ ತಿಂಗಳು ಈ ಶುಲ್ಕವನ್ನೂ ಬೆಲೆಯ ಏರಿಳಿತವನ್ನೂ ಕಾರಣ ಕೊಟ್ಟು ಬಿಟ್‌ಕಾಯಿನ್ ಪಡೆಯುವುದನ್ನು ನಿಲ್ಲಿಸಿತು. ಲೈಟ್ನಿಂಗ್ ಎಂಬ ಮೇಲ್ಪದರದ ಜಾಲದಿಂದ ಶುಲ್ಕ ಇಳಿದಿದೆ, ನಿಜ. ಎಲ್ ಸಾಲ್ವಡಾರ್ ದೇಶ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್‌ಗೆ ಅಧಿಕೃತ ಹಣದ ಸ್ಥಾನ ಕೊಟ್ಟು ವ್ಯಾಪಾರಿಗಳು ಪಡೆಯಲೇಬೇಕೆಂಬ ಕಾನೂನನ್ನು ಜಾರಿಗೆ ತಂದಿತ್ತು. 2025ರ ಜನವರಿಯಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿತು.

ಯುಎಸ್‌ಡಿಟಿ ಬೇರೆ ಜಾತಿಯದು. ಒಂದು ನಾಣ್ಯಕ್ಕೆ ಒಂದು ಡಾಲರ್ ಎಂಬ ಭರವಸೆಯ ಮೇಲೆ ನಿಂತ ಸ್ಟೇಬಲ್‌ಕಾಯಿನ್ ಅದು. ಆದ್ದರಿಂದ ಬಿಟ್‌ಕಾಯಿನ್‌ನ ಹುಚ್ಚು ಏರಿಳಿತ ಇಲ್ಲಿಲ್ಲ. ಆದರೂ ಈ ಜಾತಿಯಲ್ಲಿ ಎಡವಿದವರಿದ್ದಾರೆ: 2022ರ ಮೇ ತಿಂಗಳಲ್ಲಿ ಟೆರಾಯುಎಸ್‌ಡಿ ಕುಸಿದು ಏಳಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಅಮೆರಿಕದ ಬ್ಯಾಂಕೊಂದು ಮುಳುಗಿದಾಗ ಯುಎಸ್‌ಡಿಸಿ ಎಂಬ ಇನ್ನೊಂದು ಸ್ಟೇಬಲ್‌ಕಾಯಿನ್ 87 ಸೆಂಟಿನ ಹತ್ತಿರಕ್ಕೆ ಜಾರಿ ಕೆಲವು ದಿನಗಳಲ್ಲಿ ಚೇತರಿಸಿಕೊಂಡಿತು.

‘ಕ್ರಿಪ್ಟೊವನ್ನು ನಿಷೇಧಿಸಿದ್ದಾರೆ’ ಎಂದು ಒಂದು ಕಡೆಯವರು, ‘ಸುಪ್ರೀಂ ಕೋರ್ಟೇ ಒಪ್ಪಿದೆ’ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಇಬ್ಬರ ಮಾತೂ ಅರೆಬೆಂದದ್ದು. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಹೇಳಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ರದ್ದಾದದ್ದು ಸುತ್ತೋಲೆ, ಕ್ರಿಪ್ಟೊಗೆ ರೂಪಾಯಿಯ ಸ್ಥಾನ ಸಿಕ್ಕಿದ್ದಲ್ಲ. ಅದನ್ನು ಇಟ್ಟುಕೊಳ್ಳುವುದು, ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಅದು ಹಣವೂ ಅಲ್ಲ. ಕಾನೂನಿನ ಕಣ್ಣಲ್ಲಿ ನೀವು ಮೇಜು ಕೊಟ್ಟು ಯುಎಸ್‌ಡಿಟಿ ಪಡೆದರೆ ಅದು ಭತ್ತ ಕೊಟ್ಟು ಮಡಕೆ ತೆಗೆದುಕೊಂಡ ಹಾಗೆ, ಸಾಟಿ ವ್ಯಾಪಾರ.

ಸಾಟಿ ವ್ಯಾಪಾರ ಎಂದ ಕೂಡಲೇ ತೆರಿಗೆ ಎರಡು ಬಾಗಿಲಿನಿಂದ ಒಳಗೆ ಬರುತ್ತದೆ. ಮೇಜು ಮಾರಿದ್ದು ಮಾರಿದ್ದೇ, ಅದರ ಬೆಲೆಯನ್ನು ರೂಪಾಯಿಯಲ್ಲೇ ಪುಸ್ತಕಕ್ಕೆ ಬರೆದು ಲಾಭಕ್ಕೆ ಆದಾಯ ತೆರಿಗೆ ಕಟ್ಟಬೇಕು. ಆ ನಾಣ್ಯವನ್ನು ಆಮೇಲೆ ಮಾರಿದಾಗ ಇನ್ನೊಂದು ಲೆಕ್ಕ ತೆರೆಯುತ್ತದೆ. 2022ರ ಬಜೆಟ್‌ನಿಂದ ಇಂಥ ಆಸ್ತಿಯ ಲಾಭಕ್ಕೆ ನೇರವಾಗಿ ಶೇ 30 ತೆರಿಗೆ, ಮೇಲೆ ಶೇ 4 ಸೆಸ್. 85,000ಕ್ಕೆ ಬಂದ ನಾಣ್ಯ 90,000ಕ್ಕೆ ಹೋಯಿತು ಎನ್ನಿ, 5,000 ಲಾಭಕ್ಕೆ 1,560 ರೂಪಾಯಿ ತೆರಿಗೆ. 80,000ಕ್ಕೆ ಇಳಿಯಿತು ಎನ್ನಿ, ಆ 5,000 ನಷ್ಟವನ್ನು ಅಂಗಡಿಯ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಸರ್ಕಾರ ಗೆದ್ದಾಗ ಪಾಲುದಾರ, ಸೋತಾಗ ಪರಿಚಯವೇ ಇಲ್ಲದವನು. ಮಾರುವಾಗ ಶೇ 1 ಮೂಲದಲ್ಲೇ ಕಡಿತ. ಅದು ರಿಟರ್ನ್‌ನಲ್ಲಿ ಹೊಂದಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ನಿಮ್ಮ ಹಣ ಅಲ್ಲಿ ಕುಳಿತಿರುತ್ತದೆ. ನಾಣ್ಯ ಕೊಂಡು ಮಾರುವ ವಿನಿಮಯ ಕೇಂದ್ರದ ಶುಲ್ಕ, ಅದಕ್ಕೆ ಜಿಎಸ್‌ಟಿ ಬೇರೆ. ಇನ್ನು ಇಲ್ಲಿನ ನಿವಾಸಿಯೇ ಒಬ್ಬ ನಾಣ್ಯ ಕೊಟ್ಟು ಸಾಮಾನು ಒಯ್ದರೆ, ವರ್ಷದ ಮಿತಿ ದಾಟಿದಾಗ ಆ ಶೇ 1 ಕಟ್ಟಿಸುವ ಹೊಣೆ ಸಾಮಾನು ಕೊಟ್ಟ ನಿಮ್ಮದು. ಎಷ್ಟು ಅಂಗಡಿಯವರಿಗೆ ಇದು ಗೊತ್ತಿದೆ?

‘ತೆರಿಗೆಯವರ ಕಣ್ಣಿಗೆ ಬೀಳುವುದಿಲ್ಲ’ ಎಂಬುದನ್ನಂತೂ ಮರೆತುಬಿಡಿ. ಬ್ಲಾಕ್‌ಚೈನ್ ಎಂದರೆ ಎಲ್ಲರೂ ನೋಡಬಹುದಾದ ಖಾತೆ ಪುಸ್ತಕ. 2023ರ ಮಾರ್ಚ್‌ನಿಂದ ದೇಶದ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿಯಲ್ಲಿವೆ, ಪ್ಯಾನ್ ಇಲ್ಲದೆ ಅಲ್ಲಿ ಖಾತೆ ತೆರೆಯಲಾಗದು.

ಆದರೆ ನನ್ನ ಮೇಜಿಗೆ ಬರುವ ಕಷ್ಟಗಳಲ್ಲಿ ತೆರಿಗೆಯದು ದೊಡ್ಡದಲ್ಲ. ದೊಡ್ಡದು ನಾಣ್ಯವನ್ನು ರೂಪಾಯಿ ಮಾಡಿಕೊಳ್ಳುವ ಹೊತ್ತಿನದು. ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರ ಮಗ ತನ್ನ ಬಳಿಯಿದ್ದ ಯುಎಸ್‌ಡಿಟಿಯನ್ನು ಮೊಬೈಲಿನಲ್ಲೇ ಅಪರಿಚಿತನೊಬ್ಬನಿಗೆ ನೇರವಾಗಿ ಮಾರಿದ. ಎರಡು ರೂಪಾಯಿ ಹೆಚ್ಚು ದರ ಸಿಕ್ಕಿತ್ತು. ಹಣ ಬಂದದ್ದು ತಂದೆಯ ಚಾಲ್ತಿ ಖಾತೆಗೆ, ಯಾಕೆಂದರೆ ಹುಡುಗನಿಗೆ ಬೇರೆ ಖಾತೆ ಇರಲಿಲ್ಲ. ಹನ್ನೊಂದು ದಿನಗಳ ನಂತರ ಆ ಖಾತೆ ಸ್ಥಗಿತವಾಯಿತು. ಕೊಂಡವನು ಕೊಟ್ಟ ರೂಪಾಯಿ ಬೇರೊಂದು ರಾಜ್ಯದಲ್ಲಿ ಯಾರೋ ವೃದ್ಧರಿಂದ ಸೈಬರ್ ವಂಚಕರು ದೋಚಿದ ಹಣವಾಗಿತ್ತು. ಹಣ ಕಳೆದುಕೊಂಡವರು 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ ಆ ಹಣ ಹರಿದ ದಾರಿಯಲ್ಲಿರುವ ಖಾತೆಗಳಿಗೆ ಒಂದೊಂದಾಗಿ ತಡೆ ಬೀಳುತ್ತದೆ. ಅದು ಒಳ್ಳೆಯ ವ್ಯವಸ್ಥೆಯೇ, ದಾರಿಯಲ್ಲಿ ನಾವು ನಿಂತಿರದಿದ್ದರೆ. ಆಲೆಮನೆಯವರಿಗೆ ಕೊಡಬೇಕಾದ ಹಣವೆಲ್ಲ ಆ ಖಾತೆಯಲ್ಲೇ ಸಿಕ್ಕಿಕೊಂಡಿತು. ಬಿಡಿಸಲು ನಾಲ್ಕು ತಿಂಗಳು ಹಿಡಿಯಿತು, ಎರಡು ಬಾರಿ ಆ ರಾಜ್ಯದ ಠಾಣೆಗೆ ಹೋಗಿಬಂದರು. ಆ ನಾಲ್ಕು ತಿಂಗಳಲ್ಲಿ ಅವರು ಕೈಸಾಲಕ್ಕೆ ಕೊಟ್ಟ ಬಡ್ಡಿ ನಿಮ್ಮ ಹಲವು ವರ್ಷಗಳ ಎಂಡಿಆರ್‌ಗೆ ಸಮ.

ನೋಂದಾಯಿತ ವಿನಿಮಯ ಕೇಂದ್ರದಲ್ಲೇ ಮಾರಿದರೆ ಈ ಭಯ ಕಡಿಮೆ. ಅಲ್ಲಿ ಬೇರೆ ಭಯ: 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು, ಗ್ರಾಹಕರು ತಿಂಗಳುಗಟ್ಟಲೆ ಕಾಯಬೇಕಾಯಿತು. ಸ್ವಂತ ವ್ಯಾಲೆಟ್‌ನಲ್ಲಿ ಇಟ್ಟುಕೊಂಡರೆ ಕೀಲಿ ಪದಗಳನ್ನು ಕಳೆದುಕೊಂಡ ದಿನ ಹಣವೂ ಹೋಯಿತು. ಯುಎಸ್‌ಡಿಟಿ ಹಲವು ಜಾಲಗಳಲ್ಲಿ ಓಡಾಡುತ್ತದೆ, ಒಂದರ ಬದಲು ಇನ್ನೊಂದರ ವಿಳಾಸಕ್ಕೆ ಕಳುಹಿಸಿದರೆ ಮರಳಿ ಸಿಗುವ ಖಾತ್ರಿಯಿಲ್ಲ. ದೂರು ಕೊಡೋಣವೆಂದರೆ ಮ್ಯಾನೇಜರ್ ಇಲ್ಲ, ಓಂಬುಡ್ಸ್‌ಮನ್ ಇಲ್ಲ. ನಡುವಿನವರನ್ನು ತೆಗೆದುಹಾಕಿದಾಗ ಅವರ ಕಮಿಷನ್ ಉಳಿಯುತ್ತದೆ, ಅವರು ಹೊರುತ್ತಿದ್ದ ಹೊಣೆ ನಮ್ಮ ಹೆಗಲಿಗೆ ಬರುತ್ತದೆ. ತಿಂಗಳಿಗೆ 4,540 ರೂಪಾಯಿಗೆ ಆ ಹೊಣೆ ಹೊರಲು ನಾನಂತೂ ಸಿದ್ಧನಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ.

ಅಂದ ಹಾಗೆ, ಕೆಲವರು ರಿಸರ್ವ್ ಬ್ಯಾಂಕಿನ ಇ-ರೂಪಾಯಿಯನ್ನೂ ಕ್ರಿಪ್ಟೊ ಎಂದೇ ಕರೆಯುತ್ತಾರೆ. 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ಪ್ರಯೋಗಕ್ಕೆ ಬಂದ ಅದು ನೋಟಿನದೇ ಡಿಜಿಟಲ್ ರೂಪ, ರೂಪಾಯಿಯೇ. ಅದನ್ನು ಕೊಡಲು ಯಾರಾದರೂ ಬಂದರೆ ಹೆದರಬೇಡಿ.

ಹಾಗಾದರೆ ಏನು ಮಾಡುವುದು? ಮೊದಲು ಯಂತ್ರ ಕೊಟ್ಟವರಿಗೆ ಬರಹದಲ್ಲಿ ದೂರು ಕೊಡಿ, ಫೋನಿನಲ್ಲಿ ಬೇಡ. ರುಪೇ ಡೆಬಿಟ್, ಇತರ ಡೆಬಿಟ್, ಕ್ರೆಡಿಟ್, ವಿದೇಶಿ ಎಂದು ನಾಲ್ಕು ದರಗಳನ್ನು ಬೇರೆಬೇರೆಯಾಗಿ ಬರೆದುಕೊಡಲು ಕೇಳಿ, ಹೆಚ್ಚು ಹಿಡಿದದ್ದನ್ನು ಮರಳಿಸಲು ಕೇಳಿ. ಡೆಬಿಟ್ ದರ ಇಳಿಸಿ ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂದು ಹೊಸ ಹೆಸರಿನಲ್ಲಿ ಅದನ್ನೇ ವಾಪಸು ಹಾಕುವ ಚಾಳಿ ಇದೆ, ಆ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ. ತಿಂಗಳಿಗೆ ಇಷ್ಟು ವಹಿವಾಟು ದಾಟಿದರೆ ಬಾಡಿಗೆ ಮನ್ನಾ ಎಂಬ ಯೋಜನೆಗಳೂ ಇರುತ್ತವೆ. ಮೂವತ್ತು ದಿನದಲ್ಲಿ ಬ್ಯಾಂಕಿನಿಂದ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು.

ಕ್ಯೂಆರ್ ಚೀಟಿಯನ್ನು ಗಲ್ಲಾದ ಮುಂದಿಡಿ, ಯಂತ್ರವನ್ನು ಒಳಗಿಡಿ. ಇದು ಹಾಸ್ಯವಲ್ಲ, ಕಣ್ಣಿಗೆ ಬಿದ್ದದ್ದನ್ನೇ ಜನ ಬಳಸುತ್ತಾರೆ. ಒಂದು ಎಚ್ಚರ: ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕೊಡುವವರಿದ್ದಾರೆ. ಅದಕ್ಕೆ, ಮತ್ತು ವ್ಯಾಲೆಟ್‌ನಿಂದ 2,000 ರೂಪಾಯಿಗಿಂತ ಹೆಚ್ಚು ಕೊಟ್ಟದ್ದಕ್ಕೆ, ಯುಪಿಐ ಆದರೂ ನಿಮ್ಮಂಥ ಅಂಗಡಿಗೆ ಶುಲ್ಕ ಬೀಳಬಹುದು. ವಿದೇಶಿ ಪ್ರವಾಸಿಗಳಿಗೂ ಈಗ ಯುಪಿಐ ಇದೆ. 2023ರ ಜಿ-20 ಸಭೆಯ ಹೊತ್ತಿಗೆ ಶುರುವಾದ ಯುಪಿಐ ಒನ್ ವರ್ಲ್ಡ್‌ನಲ್ಲಿ ಪಾಸ್‌ಪೋರ್ಟ್, ವೀಸಾ ತೋರಿಸಿ ವ್ಯಾಲೆಟ್ ಮಾಡಿಸಿಕೊಂಡು ಯಾವ ಕ್ಯೂಆರ್‌ಗಾದರೂ ಕೊಡಬಹುದು. ಅದೂ ವ್ಯಾಲೆಟ್ಟೇ, ಆದರೂ ಶೇ 3.2ಕ್ಕಿಂತ ಅಗ್ಗ.

2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಸಂತೇಪೇಟೆಯಲ್ಲೂ ಕೆಲವರು ಕ್ಯೂಆರ್ ಕಿತ್ತುಹಾಕಿದರು. ಸರಕು ಮಾರುವವರಿಗೆ 40 ಲಕ್ಷ ದಾಟಿದರೆ ನೋಂದಣಿ ಬೇಕೆಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ನೀವು ನೋಂದಾಯಿತರು, ನಿಮಗೆ ಆ ಅಂಜಿಕೆ ಬೇಡ. ಬದಲಿಗೆ, ಅಂದಾಜು ಲಾಭದ ಯೋಜನೆಯಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ ನಗದಿಗೆ ಶೇ 8 ಲಾಭ ಹಿಡಿಯುವ ಇಲಾಖೆ ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6 ಮಾತ್ರ ಹಿಡಿಯುತ್ತದೆ.

ಬಿಲ್ಲಿಗೆ ಶೇ 2 ಸೇರಿಸುವ ವಿಚಾರ: ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಪ್ರಕಾರ ಹಾಗೆ ಮಾಡುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ನಿಮ್ಮ ಒಪ್ಪಂದದ ಒಂಬತ್ತನೆಯ ಅಂಶವೇ ಅಡ್ಡ ನಿಂತಿದೆ. ಯುಪಿಐ ಕೊಡುವವರಿಗೆ ಒಂದು ಊದುಬತ್ತಿ ಪೊಟ್ಟಣ ಉಚಿತ ಎಂದು ಬೋರ್ಡ್ ಹಾಕಿದರೆ ಯಾರ ಅಡ್ಡಿಯೂ ಇಲ್ಲ.

ಕೊನೆಗೆ ಜರ್ಮನಿಯ ಮೇಜು. ಇದು ಕೌಂಟರಿನ ಮಾರಾಟವಲ್ಲ, ಹಡಗಿನಲ್ಲಿ ಹೋಗುವ ರಫ್ತು. ರಫ್ತಿನ ಹಣ ಬ್ಯಾಂಕಿನ ಮೂಲಕವೇ ಬಂದು, ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿಗೆ ತಾಳೆಯಾಗಬೇಕು. ಯುಎಸ್‌ಡಿಟಿ ಪಡೆದರೆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಮೇಜಿನ ಹಣ ಬಂದೇ ಇಲ್ಲವೆಂದು ಉಳಿಯುತ್ತದೆ. ಹಾಗಾಗಿ ಇಲ್ಲಿ ಕ್ರಿಪ್ಟೊ ಬೇಡವೇ ಬೇಡ. ಕಾರ್ಡಿನಲ್ಲಾದರೆ ಶೇ 3.2ರಂತೆ 2,720 ರೂಪಾಯಿ ಮತ್ತು ಜಿಎಸ್‌ಟಿ. ಅವರ ಬ್ಯಾಂಕಿನಿಂದ ನಿಮ್ಮ ಚಾಲ್ತಿ ಖಾತೆಗೆ ಸ್ವಿಫ್ಟ್ ವರ್ಗಾವಣೆ ಮಾಡಿಸಿಕೊಳ್ಳುವುದೇ ಮೇಲು, ಶುಲ್ಕವನ್ನು ಕಳುಹಿಸುವವರೇ ಭರಿಸುವ ಆಯ್ಕೆಯನ್ನು ಅರ್ಜಿಯಲ್ಲಿ ಗುರುತು ಮಾಡಲು ಅವರಿಗೆ ಹೇಳಿ. ಆಮದು-ರಫ್ತು ಸಂಕೇತ ಸಂಖ್ಯೆ ಇನ್ನೂ ಪಡೆದಿಲ್ಲವಾದರೆ ಈಗಲೇ ಅರ್ಜಿ ಹಾಕಿ. ನೀವು ಕೇಳದ ಒಂದು ಮಾತು: ಬೀಟೆ ಮರ 2017ರ ಜನವರಿಯಿಂದ ಸೈಟಿಸ್ ಎಂಬ, ಅಪಾಯದಲ್ಲಿರುವ ಸಸ್ಯ ಮತ್ತು ಪ್ರಾಣಿಗಳ ವಿದೇಶ ವ್ಯಾಪಾರಕ್ಕೆ ಲಗಾಮು ಹಾಕುವ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಸಣ್ಣ ಪಟಗಳಿಗೆ ವಿನಾಯಿತಿ ಇದೆ, ಹತ್ತು ಕಿಲೊ ಮೀರಿದ ಮರವಿರುವ ಮೇಜಿಗೆ, ಮರ ಕಾನೂನುಬದ್ಧವಾಗಿ ಬಂದದ್ದು ಎಂದು ತೋರಿಸುವ ವೃಕ್ಷ್ ಪ್ರಮಾಣಪತ್ರ ಬೇಕಾಗುತ್ತದೆ. ಮರ ಕೊಂಡ ರಸೀದಿಯನ್ನು ಮಂಡಿ ಮೊಹಲ್ಲಾದ ಕುಶಲಕರ್ಮಿಯಿಂದ ಮೇಜಿಗೆ ಪಾಲಿಶ್ ಬೀಳುವ ಮೊದಲೇ ಕೇಳಿ ತರಿಸಿಟ್ಟುಕೊಳ್ಳಿ.